ಅಣ್ಣನ ಕಿವಿ, ನನ್ನ ಪಾಸು

ನಮ್ಮ ಮನೆತನದಲ್ಲಿ ಒಂದೇ ಹೆಸರಿನವರು ಇಬ್ಬರು. ಮೊದಲ ಗಂಡುಮಗುವಿಗೆ ಅಜ್ಜನ ಹೆಸರಿಡಬೇಕು ಎಂಬುದು ಕುಷ್ಟಗಿ ಸೀಮೆಯಲ್ಲಿ ಕೇಳಬೇಕಾದ್ದೇ ಇಲ್ಲದ ರೂಢಿ. ಅಜ್ಜನಿಗೆ ಇಬ್ಬರು ಮಕ್ಕಳು, ನಮ್ಮ ದೊಡ್ಡಪ್ಪ ಮತ್ತು ನಮ್ಮಪ್ಪ. ದೊಡ್ಡಪ್ಪ ತನ್ನ ಮಗನಿಗೆ ಆ ಹೆಸರಿಟ್ಟ. ನಾಲ್ಕು ವರ್ಷದ ಮೇಲೆ ನಾನು ಹುಟ್ಟಿದಾಗ ನಮ್ಮಪ್ಪನೂ ಅದನ್ನೇ ಇಟ್ಟ. ಹಿರಿಯನ ಹೆಸರು ಬಿಟ್ಟುಕೊಡಲು ಇಬ್ಬರಲ್ಲಿ ಒಬ್ಬನೂ ತಯಾರಿರಲಿಲ್ಲ. ಮನೆಯಲ್ಲಿ ಅವನು ದೊಡ್ಡಾಂವ, ನಾನು ಸಣ್ಣಾಂವ. ನಾನು ಅವನನ್ನು ಅಣ್ಣ ಎಂದು ಕರೆಯುತ್ತ ಬೆಳೆದೆ. ಹೆಸರಿನ ಜೊತೆಗೆ ಅಜ್ಜನ ಮೂಗೂ ಇಬ್ಬರಿಗೂ ಬಂದಿತ್ತು, ಆ ಉದ್ದ ಗಿಣಿ ಮೂಗು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನಾನು ಮಾಡಿದ ಹಲ್ಕಾ ಕೆಲಸ ಈ ಹೆಸರು, ಈ ಮೂಗು ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ. ಹಾಗೆಂದು ತಪ್ಪನ್ನು ಸತ್ತ ಅಜ್ಜನ ಮೇಲೆ ಹಾಕಲೂ ಬರುವುದಿಲ್ಲ.

ಅಣ್ಣ ನನಗಿಂತ ಮೊದಲು ಪಶ್ಚಿಮ ಕರಾವಳಿಗೆ ಹೋದ. ಯಲಬುರ್ಗಾ ಕಡೆಯ ಮೇಸ್ತ್ರಿಯೊಬ್ಬ ಪೈಪಿನ ಕೆಲಸಕ್ಕೆಂದು ನಮ್ಮ ಕಡೆಯ ಹತ್ತು ಹನ್ನೆರಡು ಮಂದಿಯನ್ನು ಕರೆದೊಯ್ದಿದ್ದ. ಮಳೆಗಾಲದಲ್ಲಿ ತುಂಬಿದ ಹಳ್ಳವನ್ನೂ ಸರಿಯಾಗಿ ನೋಡದ ಮಂದಿ ಹೋಗಿ ಸಮುದ್ರದ ದಂಡೆಯಲ್ಲಿ ನಿಂತರು. ಅಲ್ಲಿ ದೊಡ್ಡ ಹಡಗುಗಳು ದಂಡೆಗೆ ಬರುತ್ತಿರಲಿಲ್ಲ. ಆಳದ ನೀರಿನಲ್ಲಿ ದೂರವೇ ನಿಲ್ಲುತ್ತಿದ್ದವು. ಅಲ್ಲಿಂದ ಎಣ್ಣೆ ಸಮುದ್ರದ ತಳದಲ್ಲಿ ಹಾಸಿದ ಪೈಪಿನೊಳಗೆ ಹರಿದು ನಮ್ಮ ಯಾರ್ಡಿಗೆ ಬಂದು ಟ್ಯಾಂಕು ಸೇರುತ್ತಿತ್ತು. ಎರಡು ವರ್ಷದ ಮೇಲೆ ಅಣ್ಣ ನನ್ನನ್ನೂ ಕರೆಸಿಕೊಂಡ. ಅವನಿಗೆ ಟ್ಯಾಂಕಿನ ಕಡೆ ಕೆಲಸ, ನನಗೆ ಪೈಪು ನೆಲ ಹತ್ತುವ ಕಡೆ. ಇಬ್ಬರೂ ಗುತ್ತಿಗೆ ಆಳುಗಳು. ಕೊರಳಲ್ಲಿ ಒಂದು ಪ್ಲಾಸ್ಟಿಕ್ ಪಾಸು, ಅದರ ಮೇಲೆ ಬಿಸಿಲಿಗೆ ಮಾಸಿದ ಫೋಟೋ. ಅಪ್ಪನ ಹೆಸರು ಬಿಟ್ಟರೆ ಇಬ್ಬರ ಪಾಸಿನಲ್ಲೂ ಉಳಿದದ್ದೆಲ್ಲ ಒಂದೇ.

ಗೇಟಿನ ವಾಚ್‌ಮನ್ ಫೋಟೋ ನೋಡುತ್ತಿರಲಿಲ್ಲ, ಮೂಗು ನೋಡಿ ಒಳಗೆ ಬಿಡುತ್ತಿದ್ದ. ಇದನ್ನು ಮೊದಲು ಕಂಡುಕೊಂಡವನು ನಾನೇ. ರಜೆ ಸಿಗದಾಗ ಒಬ್ಬ ಊರಿಗೆ ಹೋಗುವುದು, ಇನ್ನೊಬ್ಬ ತನ್ನ ಪಾಳಿ ಮುಗಿದ ಮೇಲೆ ಅವನ ಪಾಸು ಹಾಕಿಕೊಂಡು ಅವನ ಪಾಳಿಯನ್ನೂ ಮಾಡುವುದು. ಬಿತ್ತನೆಗೆ, ಮದುವೆಗೆ, ಸತ್ತವರ ಮಣ್ಣಿಗೆ ಹೀಗೆ ಎಷ್ಟು ಸಲ ಮಾಡಿದೆವೋ ನೆನಪಿಲ್ಲ. ಅಣ್ಣ ತಮ್ಮ ಎಂದ ಮೇಲೆ ಒಬ್ಬನ ಪಾಳಿಗೆ ಇನ್ನೊಬ್ಬ ನಿಲ್ಲುವುದು ನಮಗೆ ಮೋಸ ಅನ್ನಿಸಿರಲಿಲ್ಲ. ಹೊಲದಲ್ಲಿ ಹಾಗೇ ಮಾಡುತ್ತಿದ್ದೆವು, ಅಲ್ಲಿಯೂ ಹಾಗೇ ಮಾಡಿದೆವು.

ನನ್ನ ಮೂರು ವರ್ಷದ ಮಗಳ ಜವಳ ಬಂತು. ಮೊದಲ ಕೂದಲನ್ನು ಹುಲಿಗೆಮ್ಮನ ಹತ್ತಿರವೇ ತೆಗೆಸುತ್ತೇನೆಂದು ನನ್ನ ಹೆಂಡತಿ ಹರಕೆ ಹೊತ್ತಿದ್ದಳು. ಸೂಪರ್‌ವೈಸರ್ ರಜೆ ಕೊಡಲಿಲ್ಲ. ಮೂರು ದಿನ ತಪ್ಪಿದರೆ ಪಾಸು ರದ್ದು ಎಂದ. ಅಣ್ಣ ನಕ್ಕು, ನೀ ಹೋಗೋ ಮಾರಾಯ, ನಾ ನೋಡಿಕೊಳ್ಳುತ್ತೇನೆ ಅಂದ. ನಾನು ಪಾಸನ್ನು ಅವನ ಕೊರಳಿಗೆ ಹಾಕಿ ಬಸ್ಸಿಗೆ ಓಡಿದೆ.

ಆ ಅವಸರದಲ್ಲಿ ಒಂದು ಮಾತು ಹೇಳುವುದನ್ನು ಮರೆತೆ. ನನ್ನ ಕಡೆಯ ಕೆಲಸವೆಂದರೆ ಹಂದಿ ಹಿಡಿಯುವುದು. ಪೈಪಿನ ಒಳಗಿನ ಜಿಡ್ಡು ಕೆರೆಯಲು ಒಂದು ದೊಡ್ಡ ರಬ್ಬರಿನ ಬಿರಡೆಯನ್ನು ಸಮುದ್ರದ ಕಡೆಯ ತುದಿಯಿಂದ ಒತ್ತಡದಲ್ಲಿ ತಳ್ಳುತ್ತಿದ್ದರು. ಸಾಹೇಬರು ಅದನ್ನು ಇಂಗ್ಲಿಷಿನಲ್ಲಿ ಪಿಗ್ ಅನ್ನುತ್ತಿದ್ದರು, ನಾವು ಹಂದಿ ಅನ್ನುತ್ತಿದ್ದೆವು. ಅದು ಬಂದು ಒಂದು ದಪ್ಪ ಕಬ್ಬಿಣದ ಡ್ರಮ್ಮಿನಲ್ಲಿ ನಿಲ್ಲುತ್ತಿತ್ತು. ವಾಲ್ವು ಮುಚ್ಚಿ, ಒಳಗಿನ ಒತ್ತಡ ಪೂರ್ತಿ ಬಿಟ್ಟು, ಗೇಜಿನ ಮುಳ್ಳು ಸೊನ್ನೆಗೆ ಬಂದ ಮೇಲೆ ಡ್ರಮ್ಮಿನ ಬಾಗಿಲು ತೆಗೆಯಬೇಕು. ಆದರೆ ಆ ಗೇಜು ಹಳೆಯದು, ಅದರ ಮುಳ್ಳು ಸುಳ್ಳು ಹೇಳುತ್ತಿತ್ತು. ಬೋಲ್ಟು ಬಿಚ್ಚುವ ಪಾನಾದಿಂದ ಎರಡು ಏಟು ತಟ್ಟಿದರೆ ಸೊನ್ನೆಯಿಂದ ಮತ್ತೆ ಮೇಲೆ ಜಿಗಿಯುತ್ತಿತ್ತು. ಆಗ ಇನ್ನೂ ಕಾಯಬೇಕು. ಇದು ನನಗೆ ಗೊತ್ತಿತ್ತು, ಪಾಳಿಗೊಬ್ಬರಂತೆ ಆ ಡ್ರಮ್ಮು ನೋಡುತ್ತಿದ್ದ ಉಳಿದವರಿಗೆ ಗೊತ್ತಿತ್ತು. ಟ್ಯಾಂಕಿನ ಕಡೆ ಇದ್ದ ಅಣ್ಣನಿಗೆ ಗೊತ್ತಿರಲಿಲ್ಲ.

ಹುಲಿಗಿಯ ಅಮ್ಮನ ಗುಡಿಯಲ್ಲಿ ನಾನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ತಲೆ ಅಲ್ಲಾಡದಂತೆ ಹಿಡಿದಿದ್ದ ದಿನವೇ ಅಣ್ಣ ಮುಳ್ಳನ್ನು ನಂಬಿ ಬಾಗಿಲಿನ ಬೋಲ್ಟು ಬಿಚ್ಚಿದ. ಬಾಗಿಲು ಹಾರಿತು. ಪಕ್ಕಕ್ಕೆ ನಿಂತಿದ್ದರಿಂದ ಜೀವ ಉಳಿಯಿತು, ಆ ಸದ್ದಿಗೆ ಎರಡೂ ಕಿವಿಯಿಂದ ರಕ್ತ ಬಂತು. ನಾನು ತಿರುಗಿ ಹೋದಾಗ ತಲೆ ತುಂಬ ಬಟ್ಟೆ ಸುತ್ತಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ. ನನ್ನನ್ನು ಕಂಡವನೇ ತನ್ನ ಮಾತು ತನಗೇ ಕೇಳದೆ, ವಾರ್ಡಿಗೆಲ್ಲ ಕೇಳುವಂತೆ ಹೇಳಿದ:

"ತಮ್ಮಾ, ನಿನ ಪಾಸು ಹಂಗ ಐತಿ. ಯಾರಿಗೂ ಏನೂ ಹೇಳಿಲ್ಲ. ಚಿಂತಿ ಮಾಡಬ್ಯಾಡ."

ನಾನು ಅವನ ಬಾಯಿ ಮುಚ್ಚಿದೆ. ಮೊದಲು ಮಾಡಿದ ಕೆಲಸ ಅದು. ಹೇಗಿದ್ದಿ ಅಣ್ಣಾ ಎಂದು ಕೇಳುವ ಮೊದಲು ಅವನ ಬಾಯಿ ಮುಚ್ಚಿದೆ.

ಅಪಘಾತದ ರಿಜಿಸ್ಟರಿನಲ್ಲಿ ನನ್ನ ಹೆಸರು, ನಮ್ಮಪ್ಪನ ಹೆಸರು ಬಿತ್ತು. ಆಸ್ಪತ್ರೆಯ ಕಾಗದದಲ್ಲೂ ಅದೇ. ಅಣ್ಣ ಒಂದು ತಿಂಗಳು ನಾನಾಗಿ ಮಲಗಿದ್ದ, ನಾನು ಅವನಾಗಿ ಟ್ಯಾಂಕಿನ ಕಡೆ ಕೆಲಸ ಮಾಡಿದೆ. ಬಳಿಕ ಪಾಸು ಬದಲಿಸಿಕೊಂಡೆವು. ಒಂದು ವಾರದಲ್ಲೇ ಸೂಪರ್‌ವೈಸರ್ ಅಣ್ಣನನ್ನು ಹಿಡಿದ. ಸೈರನ್ ಹೊಡೆದರೆ ಎಲ್ಲರೂ ಓಡುವಾಗ ಇವನು ನಿಂತೇ ಇದ್ದ. ಕಿವುಡನಿಗೆ ಯಾರ್ಡಿನಲ್ಲಿ ಕೆಲಸವಿಲ್ಲ ಎಂದು ತೆಗೆದುಹಾಕಿದರು. ಅವನು ಎಲ್ಲಿ ಕಿವುಡನಾದ, ಹೇಗೆ ಕಿವುಡನಾದ ಎಂದು ಅವನ ಹೆಸರಿನ ಯಾವ ಕಾಗದದಲ್ಲೂ ಇರಲಿಲ್ಲ. ನನ್ನ ಫೈಲಿನಲ್ಲಿ ಮಾತ್ರ, ಕಿವಿಗೆ ಪೆಟ್ಟಾಗಿ ಗುಣವಾಗಿ ಕೆಲಸಕ್ಕೆ ಮರಳಿದ ಎಂದಿತ್ತು. ಸೂಪರ್‌ವೈಸರ್ ನನ್ನ ಬೆನ್ನು ತಟ್ಟಿ, ಗಟ್ಟಿ ಮನುಷ್ಯ ಕಣಪ್ಪ ನೀನು ಅಂದ. ನಾಚಿಕೆಗೆಟ್ಟವನು ನಾನು ನಕ್ಕೆ.

ಅಣ್ಣ ಊರಿಗೆ ಬಂದು ದಾಳಿಂಬೆ ತೋಟಗಳಲ್ಲಿ ಗಿಡದ ಟೊಂಗೆ ಸವರುವ ಕೆಲಸ ಹಿಡಿದ. ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಕೇಳುತ್ತಿತ್ತು. ಹಿಂದಿನಿಂದ ಬೈಕು ಬಂದರೆ ಗೊತ್ತಾಗುತ್ತಿರಲಿಲ್ಲ, ಎರಡು ಸಲ ಗುದ್ದಿಸಿಕೊಂಡ. ಅತ್ತಿಗೆ ಅವನನ್ನು ರಸ್ತೆಗೆ ಒಬ್ಬನನ್ನೇ ಬಿಡುತ್ತಿರಲಿಲ್ಲ. ಊರಿಗೆ ಹೋದಾಗಲೆಲ್ಲ ನಾನು ಅವನಿಗೆ ಒಂದು ಅಂಗಿ, ಅವನ ಮಗಳಿಗೆ ಒಂದು ಫ್ರಾಕು ಒಯ್ಯುತ್ತಿದ್ದೆ. ಎಂಥ ದೊಡ್ಡ ಮನಸ್ಸು ನೋಡಿ ನನ್ನದು. ಅವನು ಒಂದು ದಿನವೂ ಆ ಪಾಳಿಯ ಮಾತು ತೆಗೆಯಲಿಲ್ಲ. ಗೇಜಿನ ಮುಳ್ಳಿನ ವಿಷಯ ನಾನೂ ತೆಗೆಯಲಿಲ್ಲ. ಇವತ್ತಿಗೂ ಅವನಿಗೆ ಅದು ಗೊತ್ತಿಲ್ಲ.

ವರ್ಷಗಳು ಹೋದವು. ಗೇಟಿಗೆ ಬೆರಳಚ್ಚಿನ ಯಂತ್ರ ಬಂತು, ಮೂಗು ನೋಡಿ ಬಿಡುವ ಕಾಲ ಮುಗಿಯಿತು. ಪೈಪಿಗೂ ವಯಸ್ಸಾಯಿತು. ಉಪ್ಪುನೀರು ಹೊರಗಿನಿಂದ, ಎಣ್ಣೆಯ ಕೆಸರು ಒಳಗಿನಿಂದ ತಿಂದು ಅದರ ಗೋಡೆ ತೆಳ್ಳಗಾಯಿತು. ಮುಳುಗುಗಾರರು ಹೋಗಿ ಪಟ್ಟಿ ಬಿಗಿದು ಬರುತ್ತಿದ್ದರು. ಒಂದು ಕಡೆ ಬಿಗಿದರೆ ಮುಂದಿನ ಮಳೆಗಾಲಕ್ಕೆ ಇನ್ನೊಂದು ಕಡೆ ಎಣ್ಣೆ ಜಿನುಗುತ್ತಿತ್ತು. ಬಲೆಗಳು ಕಪ್ಪಾಗುತ್ತಿವೆ ಎಂದು ಮೀನುಗಾರರು ಗೇಟಿಗೆ ಬಂದು ಬಲೆಗಳನ್ನೇ ರಾಶಿ ಹಾಕಿ ಹೋದರು. ಕೊನೆಗೆ ಪೈಪನ್ನು ಬಂದ್ ಮಾಡಿ ನಮ್ಮನ್ನು ಹೊಸ ಟ್ಯಾಂಕು ಯಾರ್ಡಿಗೆ ಹಾಕುವುದೆಂದು ತೀರ್ಮಾನವಾಯಿತು.

ಅದರ ಜೊತೆಗೆ ನೋಟಿಸ್ ಬೋರ್ಡಿನ ಮೇಲೆ ಒಂದು ಹಾಳೆ ಬಂತು. ಆ ಪೈಪಿನ ಕೆಲಸದಲ್ಲಿ ಗಾಯಗೊಂಡ ಪ್ರತಿಯೊಬ್ಬ ಗುತ್ತಿಗೆ ಆಳಿನ ಮಕ್ಕಳಲ್ಲಿ ಒಬ್ಬರಿಗೆ ಹೊಸ ಟ್ಯಾಂಕು ಯಾರ್ಡಿನಲ್ಲಿ ಕಾಯಂ ನೌಕರಿ. ಐದಾರು ಹೆಸರುಗಳಿದ್ದವು. ಮೂರನೆಯದು ನನ್ನದು.

ಇಲ್ಲಿ ಹೆಂಡತಿ ಸುಮ್ಮನಿರು ಅಂದಳು ಎಂದು ಬರೆದುಬಿಟ್ಟರೆ ಓದುವವರು ನಂಬುತ್ತಾರೆ, ನನ್ನ ಭಾರವೂ ಇಳಿಯುತ್ತದೆ. ಆಕೆ ಅಂಥದ್ದೇನೂ ಹೇಳಲಿಲ್ಲ. ಫೋನಿನಲ್ಲಿ ಸುದ್ದಿ ಕೇಳಿ, ಇದು ಭಾವನವರ ಮಗಳಿಗೆ ಹೋಗಬೇಕಲ್ಲ ಅಂದಳು, ಅಷ್ಟೇ. ನಾನು ನೋಡೋಣ ಅಂದೆ. ನನ್ನ ಮಗಳು ಆಗ ಗಂಗಾವತಿಯ ಕಾಲೇಜಿನಲ್ಲಿ ಬಿ.ಕಾಂ. ಮುಗಿಸುತ್ತಿದ್ದಳು, ತಾಯಿಯ ತವರಿನಲ್ಲಿದ್ದುಕೊಂಡು. ಅಣ್ಣನ ಮಗಳು ಕುಷ್ಟಗಿಯಿಂದ ದಿನಾ ಬಸ್ಸಿನಲ್ಲಿ ಕೊಪ್ಪಳಕ್ಕೆ ಓಡಾಡಿ ಡಿಪ್ಲೊಮಾ ಮುಗಿಸಿದ್ದಳು, ಮಷೀನಿನ ಓದು. ನೌಕರಿ ಸಿಗದೆ ಜೆರಾಕ್ಸ್ ಅಂಗಡಿಯಲ್ಲಿ ಕೂತಿದ್ದಳು. ಆ ಯಾರ್ಡಿಗೆ ಬೇಕಾದ ಓದು ಅವಳದು. ನನ್ನ ಮಗಳದಲ್ಲ.

ಯಲಬುರ್ಗಾದ ಆಳೊಬ್ಬ ಊರಿಗೆ ಹೋದಾಗ ನೋಟಿಸಿನ ಸುದ್ದಿ ಅಣ್ಣನಿಗೆ ಮುಟ್ಟಿಸಿದ. ನಾನು ರಜೆಯಲ್ಲಿ ಬಂದಾಗ ಅಣ್ಣ ಮಗಳ ಮಾರ್ಕ್ಸ್ ಕಾರ್ಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡು ನಮ್ಮ ಮನೆಗೆ ಬಂದ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಆ ಪಾಳಿಯ ಮಾತು ಎತ್ತಿದ. ಕೇಳುವವನ ಹಾಗೆ ಅಲ್ಲ, ಬೇಡುವವನ ಹಾಗೆ.

"ನೀ ಹೋಗಿ ಖರೇ ಹೇಳಿದ್ರ ಆತು ತಮ್ಮಾ. ನನಗ ಏನೂ ಬ್ಯಾಡ. ಹುಡುಗಿಗೆ ಒಂದು ದಾರಿ ಆದ್ರ ಸಾಕು."

ಹೇಳುತ್ತೇನೆ ಅಂದೆ. ಆ ಹೊತ್ತಿನಲ್ಲಿ ನಿಜವಾಗಿಯೂ ಹೇಳುವವನೇ ಇದ್ದೆ, ಇದನ್ನಾದರೂ ನಂಬಿ.

ಮರುದಿನ ಇಬ್ಬರೂ ಕೊಪ್ಪಳದ ಕೋರ್ಟಿಗೆ ಹೋದೆವು. ಗೇಟಿನ ಹೊರಗೆ ಬೇವಿನ ನೆರಳಿನಲ್ಲಿ ಟೈಪು ಮಾಡುವವನು ಇಬ್ಬರ ಹೆಸರೂ ಒಂದೇ ಎಂದು ತಿಳಿದಾಗ ಯಂತ್ರದ ಮೇಲಿನ ಕೈ ತೆಗೆದು, ಇದೇನ್ರಿ ನಾಟಕ, ಯಾರು ಯಾರ ಬಗ್ಗೆ ಬರೆಸಾಕತ್ತೀರಿ ಎಂದು ಗದರಿದ. ಕೊನೆಗೆ ಅಪ್ಪಂದಿರ ಹೆಸರು ಹಿಡಿದು ಬರೆಸಿದೆವು. ಆ ದಿನ ನಾನು ಊರಿಗೆ ಹೋಗಿದ್ದೆ, ನನ್ನ ಪಾಸಿನ ಮೇಲೆ ಕೆಲಸಕ್ಕೆ ನಿಂತವನು ನನ್ನ ದೊಡ್ಡಪ್ಪನ ಮಗ, ಕಿವಿ ಹೋದದ್ದು ಅವನದು ಎಂದು ಸ್ಟಾಂಪ್ ಕಾಗದದ ಮೇಲೆ ಬಂತು. ನಾನು ಸಹಿ ಮಾಡಿದೆ. ನೋಟರಿ ಸೀಲು ಒತ್ತಿದ. ಅಣ್ಣ ಕಣ್ಣು ಮಂಜಾಗಿ ಓದಲಾಗದೆ ಕಾಗದವನ್ನು ಎರಡು ಸಲ ಕೈಯಿಂದ ಸವರಿ ನನಗೆ ಕೊಟ್ಟ. ಆಮೇಲೆ ಮಿರ್ಚಿ ತಿನ್ನಿಸಿದ. ಕುಷ್ಟಗಿಯ ಬಸ್ಸಿನಲ್ಲಿ ಇಡೀ ದಾರಿ ಮಗಳ ವಿಷಯವೇ ಮಾತಾಡಿದ. ಆಕೆ ಹಾಸ್ಟೆಲಿನಲ್ಲಿ ಇರಬೇಕೋ, ರೂಮು ಮಾಡಬೇಕೋ, ಸಮುದ್ರದ ಗಾಳಿ ಆಕೆಗೆ ಒಗ್ಗುತ್ತದೋ ಇಲ್ಲವೋ. ತನ್ನ ಧ್ವನಿ ತನಗೆ ಕೇಳದವನಾದ್ದರಿಂದ ಬಸ್ಸಿನ ಮಂದಿಯೆಲ್ಲ ತಿರುಗಿ ನೋಡುತ್ತಿದ್ದರು.

ಪೈಪನ್ನು ಬಂದ್ ಮಾಡಿದ್ದು ಒಂದು ಬೆಳಿಗ್ಗೆ. ಕೊನೆಯ ಹಡಗು ಎಣ್ಣೆ ಇಳಿಸಿ ಹೋಗಿತ್ತು. ಆ ತುದಿಯಿಂದ ಕೊನೆಯ ಹಂದಿಯನ್ನು ಬಿಟ್ಟು ಅದರ ಬೆನ್ನಿಗೆ ಸಮುದ್ರದ ನೀರನ್ನೇ ತುಂಬಿದರು. ನಮ್ಮ ಕಡೆ ಮೊದಲು ಕಪ್ಪು ಎಣ್ಣೆ ಬಂತು. ಹಂದಿ ಬಂದು ಡ್ರಮ್ಮಿನಲ್ಲಿ ಕೂತಿತು. ಅದರ ಹಿಂದೆ ಕಂದು ನೊರೆ, ಬಹಳ ಹೊತ್ತಿನ ಮೇಲೆ ಬರೀ ನೀರು. ಆಳುಗಳು ಡ್ರಮ್ಮಿಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ಪೈಪನ್ನು ಎತ್ತುವುದಿಲ್ಲ, ಎರಡೂ ತುದಿ ಕೊಯ್ದು ಮುಚ್ಚಳ ಬೆಸೆದು ಸಮುದ್ರದಲ್ಲೇ ಬಿಡುತ್ತೇವೆ ಎಂದು ಯಾರ್ಡಿನ ದೊಡ್ಡ ಸಾಹೇಬರು ಹೇಳಿದರು. ಇಷ್ಟು ವರ್ಷ ಅದರ ಅನ್ನ ತಿಂದವರು ಒಂದು ಹತ್ತು ನಿಮಿಷ ನಿಂತು ನೋಡಿ ಊಟಕ್ಕೆ ಹೋದರು.

ಸಾಹೇಬರು ನನ್ನೊಬ್ಬನನ್ನೇ ಕೋಣೆಗೆ ಕರೆದರು. ಅಪಘಾತವಾದಾಗ ಅವರು ಹೊಸದಾಗಿ ಬಂದ ಸಣ್ಣ ಎಂಜಿನಿಯರು, ಆಸ್ಪತ್ರೆಗೆ ಬಂದು ನೋಡಿದವರು. ಮೇಜಿನ ಮೇಲೆ ನನ್ನ ಫೈಲು ಬಿಚ್ಚಿತ್ತು. ಕರಾವಳಿಯವರ ಆ ಪುಸ್ತಕದ ಕನ್ನಡದಲ್ಲಿ ನಿಧಾನವಾಗಿ ಮಾತಾಡಿದರು. ಆಸ್ಪತ್ರೆಯಲ್ಲಿ ತಾನು ಕಂಡ ಮುಖ ನನ್ನದಲ್ಲವೇನೋ ಎಂದು ಆಗಾಗ ಅನ್ನಿಸಿದೆ, ಬಟ್ಟೆ ಸುತ್ತಿದ್ದರಿಂದ ಖಾತ್ರಿಯಿಲ್ಲ ಎಂದರು. ಪಾಸು ಬದಲಿಸಿದ್ದು ನಿಜವಾದರೆ ನನ್ನ ಕೆಲಸ ಉಳಿಸಲು ತನಗೆ ಆಗುವುದಿಲ್ಲ, ಆದರೆ ನೌಕರಿ ಸರಿಯಾದ ಮನೆಗೆ ಹೋಗುವಂತೆ ತಾನು ನೋಡಿಕೊಳ್ಳಬಲ್ಲೆ ಎಂದರು.

"ಪೈಪಿನ ಜೊತೆಗೆ ಈ ಫೈಲೂ ಇವತ್ತು ಮುಚ್ಚುತ್ತದೆ. ತಿದ್ದುವುದಿದ್ದರೆ ಈಗಲೇ ಹೇಳಿ. ಆ ದಿನ ಗಾಯವಾದದ್ದು ನಿಮಗೇ ತಾನೆ?"

ಕೊಪ್ಪಳದ ಕಾಗದ ನನ್ನ ಅಂಗಿಯ ಕಿಸೆಯಲ್ಲಿತ್ತು. ಕೈ ಹಾಕಿದರೆ ಸಿಗುವಷ್ಟು ಹತ್ತಿರ. ಅವರು ಬೈದಿದ್ದರೆ, ಹೆದರಿಸಿದ್ದರೆ ಸಿಟ್ಟಿನಲ್ಲಾದರೂ ತೆಗೆದು ಮೇಜಿಗೆ ಎಸೆಯುತ್ತಿದ್ದೆನೋ ಏನೋ. ಆ ಮನುಷ್ಯ ಒಳ್ಳೆಯ ರೀತಿಯಲ್ಲಿ ಕೇಳಿದರು, ಕಾದರು. ನನ್ನ ಕಣ್ಣ ಮುಂದೆ ಅಣ್ಣ ಬರಲಿಲ್ಲ. ನನಗೆ ಉಳಿದ ಆರು ವರ್ಷದ ನೌಕರಿ ಬಂತು, ಕಾಯಂ ನೌಕರಿಯ ಮಗಳು ಎಂದು ಸಂಬಂಧ ಕೇಳಿಕೊಂಡು ಬರುವ ಮಂದಿ ಬಂದರು.

"ಹೌದ್ರಿ ಸಾಹೇಬ್ರ, ನನಗ," ಅಂದೆ.

ಅವರು ಸಹಿ ಮಾಡಿ ಫೈಲಿಗೆ ದಾರ ಕಟ್ಟಿದರು. ಕಿಸೆಯಲ್ಲಿದ್ದ ಕಾಗದವನ್ನು ಊರಿನ ಬಸ್ಸಿನಲ್ಲಿ ಸಣ್ಣ ಸಣ್ಣ ಚೂರು ಮಾಡಿ ಕಿಟಕಿಯಿಂದ ಬಿಟ್ಟೆ. ಗದಗ ದಾಟುವ ಹೊತ್ತಿಗೆ ನೋಟರಿಯ ಸೀಲಿನ ತುಂಡೊಂದು ಅಂಗೈಗೆ ಅಂಟಿಕೊಂಡಿತ್ತು, ಅದನ್ನೂ ಉಜ್ಜಿ ತೆಗೆದೆ.

ಅಣ್ಣನ ಮನೆಗೆ ಹೋದಾಗ ಸಂಜೆ ನಾಲ್ಕು. ಅಂಗಳದಲ್ಲಿ ಅತ್ತಿಗೆ ಜೋಳ ಹಸನು ಮಾಡುತ್ತಿದ್ದಳು, ಅಣ್ಣ ಕಟ್ಟೆಯ ಮೇಲಿದ್ದ, ಮಗಳು ಅದೇ ಆಗ ಅಂಗಡಿಯಿಂದ ಬಂದಿದ್ದಳು. ಮೂವರೂ ನನ್ನ ಮುಖ ನೋಡಿದರು. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದಿದ್ದೆ. ಒಂದನ್ನು ಮರೆತಿದ್ದೆ. ಅಣ್ಣನಿಗೆ ಪಿಸುಮಾತಿನಲ್ಲಿ ಸುಳ್ಳು ಹೇಳಲು ಬರುವುದಿಲ್ಲ. ಎಡಗಿವಿಗೆ ಬಾಯಿಟ್ಟು, ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕು.

"ಕಾಗದ ಕೊಟ್ಟೆ ಅಣ್ಣಾ. ಎಲ್ಲಾ ಹೇಳಿದೆ. ಅವ್ರು ಕೇಳಲಿಲ್ಲ. ರಿಜಿಸ್ಟರದಾಗ ಇದ್ದದ್ದ ಖರೇ ಅಂದ್ರು."

ಒಂದು ಸಲ ಹೇಳಿದ್ದು ಅವನಿಗೆ ಪೂರ್ತಿ ತಿಳಿಯಲಿಲ್ಲ. ಕಿವಿಗೆ ಅಂಗೈ ಅಡ್ಡ ಹಿಡಿದು ಮತ್ತೆ ಬಾಗಿದ. ಎರಡನೆಯ ಸಲ ಇನ್ನೂ ಜೋರಾಗಿ ಕೂಗಿದೆ. ಎದುರು ಮನೆಯವರು ಹೊರಗೆ ಬಂದರು. ಅತ್ತಿಗೆಯ ಕೈಯಲ್ಲಿನ ಮೊರ ನಿಂತಿತು. ಆಕೆ ನನ್ನನ್ನು ನೋಡಿದ ರೀತಿಯಲ್ಲಿ ಆಕೆಗೆ ಗೊತ್ತಾಗಿದೆ ಅನ್ನಿಸಿತು.

ಅಣ್ಣ ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ನಾನು ಬದುಕುತ್ತಿದ್ದೆ. ಅವನು ನನ್ನ ಕೈ ಹಿಡಿದುಕೊಂಡು, ಹುಡುಗಿಯ ನೌಕರಿ ಹೋಗಲಿ, ನಿನ್ನ ನೌಕರಿಗೆ ಏನಾದರೂ ತೊಂದರೆ ಮಾಡಿದರೇನು ಎಂದು ಕೇಳಿದ. ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅವನ ಮುಖ ಹಗುರಾಯಿತು. ಆಮೇಲೆ ಎದುರು ಮನೆಯವರಿಗೂ ಕೇಳುವಂತೆ ಮಗಳನ್ನು ಕರೆದ.

"ನಿನ ಸಲುವಾಗಿ ನಿಮ್ಮ ಕಾಕಾ ತನ್ನ ಅನ್ನದ ಮ್ಯಾಲ ಕಲ್ಲು ಹಾಕ್ಕೊಳ್ಳಾಕ ತಯಾರಾಗಿ ಸಾಹೇಬ್ರ ಮುಂದ ನಿಂತು ಖರೇ ಹೇಳ್ಯಾನ. ಯಾರು ಮಾಡ್ತಾರವ್ವ ಇಷ್ಟು? ಕಾಲಿಗಿ ಬೀಳು."

ಹುಡುಗಿ ಸೆರಗಿನಂತೆ ದುಪಟ್ಟಾ ತಲೆಗೆ ಎಳೆದುಕೊಂಡು ಬಗ್ಗಿದಳು. ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಛಲೋ ಆಗಲಿ ಎಂದು ಅವಳ ತಲೆಯ ಮೇಲೆ ಕೈಯನ್ನೂ ಇಟ್ಟೆ.